ಇಲಿಗಳಲ್ಲಿ ಕ್ಯಾನ್ಸರ್ ಔಷಧ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಣಿ ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಪ್ರಾಜೆಕ್ಟ್ ಸಹಾಯಕರಿಗೂ ಈ ಪುಟ. ಹೆಚ್ಚಿನ ಉದಾಹರಣೆಗಳು ಸಿಟಿ26 ಮಾದರಿಯವು: ಬಾಲ್ಬ್-ಸಿ ತಳಿಯ ಬಿಳಿ ಇಲಿಯ ಪಕ್ಕೆಯ ಚರ್ಮದಡಿ ಅದೇ ತಳಿಯ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ವಿಧಾನ. ಕಲಿಯಲು ಇದಕ್ಕಿಂತ ಸುಲಭವಾದದ್ದು ಇಲ್ಲ. ಇಲ್ಲಿ ಆಗುವ ತಪ್ಪುಗಳೇ ಬೇರೆ ಮಾದರಿಗಳಲ್ಲೂ ಆಗುತ್ತವೆ.

ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧವನ್ನು ಇಲಿಗೂ ಏಕೆ ಕೊಟ್ಟು ನೋಡಬೇಕು?

ತಟ್ಟೆಯಲ್ಲಿ ಯಕೃತ್ತು ಇಲ್ಲ, ಮೂತ್ರಪಿಂಡ ಇಲ್ಲ, ರಕ್ತನಾಳ ಇಲ್ಲ, ರೋಗನಿರೋಧಕ ಕೋಶಗಳೂ ಇಲ್ಲ. ಔಷಧ ಗಡ್ಡೆಯವರೆಗೆ ತಲುಪುತ್ತದೆಯೇ, ಎಷ್ಟು ಹೊತ್ತು ಉಳಿಯುತ್ತದೆ, ಕ್ಯಾನ್ಸರನ್ನು ಕೊಲ್ಲುವ ಡೋಸ್‌ನಲ್ಲಿ ಪ್ರಾಣಿ ಬದುಕುತ್ತದೆಯೇ ಎಂಬುದು ಇಡೀ ದೇಹದಲ್ಲಿ ಮಾತ್ರ ತಿಳಿಯುತ್ತದೆ. ಅಮೆರಿಕ 2022ರ ಡಿಸೆಂಬರ್‌ನಲ್ಲಿ ತಂದ ಕಾನೂನು ತಿದ್ದುಪಡಿಯಿಂದ ಹೊಸ ಔಷಧಕ್ಕೆ ಪ್ರಾಣಿ ಪರೀಕ್ಷೆ ಕಡ್ಡಾಯ ಎಂಬ ಮಾತು ಕಾಯ್ದೆಯಲ್ಲಿ ಉಳಿದಿಲ್ಲ. ಬೇರೆ ವಿಧಾನದಿಂದ ಉತ್ತರ ಸಿಗುವ ಪ್ರಶ್ನೆಗೆ ಇಲಿಯನ್ನು ಬಳಸಬಾರದು, ಇದು ನಮ್ಮ ಖಚಿತ ಅಭಿಪ್ರಾಯ.

ಇಷ್ಟೊಂದು ಮಾದರಿಗಳಿವೆ. ಯಾವುದನ್ನು ಆರಿಸಿಕೊಳ್ಳಲಿ?

ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಮಾದರಿ ಅದರಿಂದಲೇ ನಿರ್ಧಾರವಾಗಬೇಕು. ಫ್ರೀಜರ್‌ನಲ್ಲಿ ಯಾವ ಸೆಲ್ ಲೈನ್ ಇದೆಯೋ ಅದನ್ನೇ ಹಾಕುವ ಅಭ್ಯಾಸದಿಂದ ವರ್ಷಗಟ್ಟಲೆ ಕೆಲಸ ನೀರುಪಾಲಾಗುತ್ತದೆ.

ರೋಗನಿರೋಧಕ ವ್ಯವಸ್ಥೆಯ ಮೂಲಕ ಕೆಲಸ ಮಾಡುವ ಔಷಧವಾದರೆ ನಿರೋಧಕ ಶಕ್ತಿ ಪೂರ್ತಿ ಇರುವ ಇಲಿಯೂ ಅದೇ ತಳಿಯ ಕ್ಯಾನ್ಸರ್ ಕೋಶವೂ ಬೇಕು. ಬಾಲ್ಬ್-ಸಿಗೆ ಸಿಟಿ26 ಮತ್ತು 4ಟಿ1 (ಸ್ತನ ಕ್ಯಾನ್ಸರ್), ಬ್ಲ್ಯಾಕ್ ಸಿಕ್ಸ್ ಎಂದು ಕರೆಯುವ ಕಪ್ಪು ಇಲಿಗೆ ಎಂಸಿ38 (ದೊಡ್ಡ ಕರುಳಿನ ಕ್ಯಾನ್ಸರ್) ಮತ್ತು ಬಿ16ಎಫ್10 (ಚರ್ಮದ ಮೆಲನೋಮಾ). ಇವು ಒಂದೇ ಥರ ನಡೆದುಕೊಳ್ಳುವುದಿಲ್ಲ. ಸಿಟಿ26 ಮತ್ತು ಎಂಸಿ38, ರೋಗನಿರೋಧಕ ಕೋಶಗಳ ಕಡಿವಾಣ ಬಿಡಿಸುವ ಚೆಕ್‌ಪಾಯಿಂಟ್ ಔಷಧಗಳಿಗೆ ಸಾಕಷ್ಟು ಬಗ್ಗುತ್ತವೆ. ಬಿ16ಎಫ್10 ಮತ್ತು 4ಟಿ1 ಜಪ್ಪಯ್ಯ ಅಂದರೂ ಬಗ್ಗುವುದು ಕಡಿಮೆ. ಸಿಟಿ26ರಲ್ಲಿ ಮಾತ್ರ ಪರೀಕ್ಷಿಸಿ "ನಮ್ಮ ಔಷಧ ಗೆದ್ದಿತು" ಎನ್ನುವುದು ಸುಲಭದ ಪ್ರಶ್ನೆಪತ್ರಿಕೆ ಬರೆದು ಪಾಸಾದಂತೆ. ಬಗ್ಗದ ಒಂದು ಮಾದರಿಯನ್ನೂ ಜೊತೆಗಿಡಿ.

ಮನುಷ್ಯರ ಕ್ಯಾನ್ಸರ್ ಕೋಶಗಳ ಮೇಲೆ ನೇರವಾಗಿ ಕೆಲಸ ಮಾಡುವ ಔಷಧವಾದರೆ ಅವುಗಳನ್ನು ತಿರಸ್ಕರಿಸದ ಇಲಿ ಬೇಕು. ಮೈಮೇಲೆ ಕೂದಲಿಲ್ಲದ, ಟಿ ಕೋಶ ಪಕ್ವವಾಗುವ ಥೈಮಸ್ ಗ್ರಂಥಿ ಬೆಳೆಯದ ನ್ಯೂಡ್ ಇಲಿ 1962ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಕಣ್ಣಿಗೆ ಬಿತ್ತು. 1969ರಲ್ಲಿ ಕೋಪನ್‌ಹೇಗನ್‌ನಲ್ಲಿ ರೈಗಾರ್ಡ್ ಮತ್ತು ಪೌಲ್ಸೆನ್ ಮನುಷ್ಯರ ಗಡ್ಡೆಯನ್ನು ಅದರಲ್ಲಿ ಬೆಳೆಸಿ ತೋರಿಸಿದರು. ಈಗ ಇನ್ನೂ ದುರ್ಬಲ ನಿರೋಧಕ ಶಕ್ತಿಯ ಸ್ಕಿಡ್ ಮತ್ತು ಎನ್‌ಎಸ್‌ಜಿ ಇಲಿಗಳಿವೆ. ಆದರೆ ಒಂದು ಎಚ್ಚರಿಕೆ: ಈ ಎರಡರಲ್ಲೂ ಡಿಎನ್‌ಎ ದುರಸ್ತಿಗೆ ಬೇಕಾದ ಜೀನ್ ಕೆಟ್ಟಿದೆ. ರೇಡಿಯೇಷನ್ ಅಥವಾ ಡಿಎನ್‌ಎ ಮುರಿಯುವ ಕೀಮೋ ಕೊಟ್ಟರೆ ಬೇರೆ ಇಲಿಗಳು ತಡೆದುಕೊಳ್ಳುವ ಡೋಸ್‌ಗೇ ಇವು ಸಾಯುತ್ತವೆ. ಅಂಥ ಪ್ರಯೋಗಕ್ಕೆ ನ್ಯೂಡ್ ಅಥವಾ ರ‍್ಯಾಗ್ ಜೀನ್ ಇಲ್ಲದ ಇಲಿಯೇ ಸರಿ. ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶ ಬೆಳೆಸಲು ಈಸ್ಟ್ರೋಜೆನ್ ಗುಳಿಗೆಯನ್ನು ಚರ್ಮದಡಿ ಇಡಬೇಕಾಗುತ್ತದೆ. ಅದರಿಂದ ಮೂತ್ರ ಕಟ್ಟಿ ಮೂತ್ರಕೋಶದಲ್ಲಿ ಕಲ್ಲಾಗಿ ಇಲಿ ಸತ್ತರೆ ಔಷಧದ ವಿಷವೆಂದು ತಪ್ಪು ತಿಳಿಯಬೇಡಿ, ಹೊಟ್ಟೆ ಬಿಚ್ಚಿ ನೋಡಿ.

ರೋಗಿಯ ಗಡ್ಡೆಯ ತುಣುಕನ್ನೇ ಇಲಿಗೆ ಕಸಿ ಮಾಡುವ ಪಿಡಿಎಕ್ಸ್ ಮಾದರಿ ಮೂಲ ಗಡ್ಡೆಯ ವೈವಿಧ್ಯವನ್ನು ಹೆಚ್ಚು ಉಳಿಸಿಕೊಳ್ಳುತ್ತದೆ. ಅದು ಹಿಡಿಯಲು ತಿಂಗಳುಗಳೇ ಬೇಕು. ಕೆಲವು ಬಾರಿ ಎನ್‌ಎಸ್‌ಜಿ ಇಲಿಯಲ್ಲಿ ಬೆಳೆಯುವುದು ರೋಗಿಯ ಕ್ಯಾನ್ಸರ್ ಅಲ್ಲ, ಅದರೊಳಗಿದ್ದ ಬಿ ಕೋಶಗಳಿಂದ ಎಪ್‌ಸ್ಟೀನ್-ಬಾರ್ ವೈರಸ್ ಎಬ್ಬಿಸಿದ ಲಿಂಫೋಮಾ. ಗಡ್ಡೆ ಇದ್ದಕ್ಕಿದ್ದಂತೆ ಬೇಗ ಬೆಳೆದರೆ ಬಿಳಿ ರಕ್ತಕೋಶ ಮತ್ತು ಬಿ ಕೋಶ ಗುರುತಿಸುವ ಸಿಡಿ45, ಸಿಡಿ20 ಬಣ್ಣ ಹಾಕಿ ನೋಡುವುದು, ರೋಗಿಯ ಡಿಎನ್‌ಎ ಜೊತೆ ತಾಳೆ ನೋಡುವುದು ಎರಡೂ ಬೇಕು.

ಟಿ ಕೋಶಗಳನ್ನು ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ ಕೊಡುವ ಕಾರ್-ಟಿ ಚಿಕಿತ್ಸೆಯ ಪರೀಕ್ಷೆಗೂ ಎನ್‌ಎಸ್‌ಜಿ ಇಲಿಯೇ ಬೇಕು. ಮನುಷ್ಯರ ಟಿ ಕೋಶಗಳು ಕೆಲವು ವಾರಗಳಲ್ಲಿ ಇಲಿಯ ಅಂಗಾಂಗಗಳ ಮೇಲೇ ತಿರುಗಿಬೀಳುವುದರಿಂದ ಅವಲೋಕನದ ಅವಧಿ ಚಿಕ್ಕದು.

ರೋಗಿಗಳಿಗೆ ಕೊಡುವ ನಿವೊಲುಮ್ಯಾಬ್ ಅಥವಾ ಪೆಂಬ್ರೊಲಿಜುಮ್ಯಾಬ್ ಅನ್ನೇ ಸಿಟಿ26 ಇಲಿಗೆ ಕೊಡಬಹುದೇ?

ಆಗುವುದಿಲ್ಲ. ಪಿಡಿ-1 ಅಂದರೆ ಟಿ ಕೋಶಗಳಿಗೆ ಕಡಿವಾಣ ಹಾಕುವ ಪ್ರೋಟೀನ್. ಈ ಎರಡು ಚೆಕ್‌ಪಾಯಿಂಟ್ ಔಷಧಗಳು ಮನುಷ್ಯರ ಪಿಡಿ-1ಕ್ಕೆ ಅಂಟುತ್ತವೆ, ಇಲಿಯದಕ್ಕೆ ಅಂಟುವುದಿಲ್ಲ. ಇಲಿಯ ಪಿಡಿ-1 ವಿರುದ್ಧದ ಆರ್‌ಎಂಪಿ1-14 ಪ್ರತಿಕಾಯ ಬಳಸಿ. ಒಂದು ಇಲಿಗೆ 200 ಮೈಕ್ರೋಗ್ರಾಂ, ಹೊಟ್ಟೆಯೊಳಗೆ, ವಾರಕ್ಕೆರಡು ಬಾರಿ ಕೊಡುವುದು ರೂಢಿ. ಕಂಟ್ರೋಲ್ ಗುಂಪಿಗೆ ಬರಿ ಉಪ್ಪುನೀರು ಸಾಲದು, ಅದೇ ವರ್ಗದ ಗುರಿಯಿಲ್ಲದ ಪ್ರತಿಕಾಯವನ್ನು ಅಷ್ಟೇ ಪ್ರಮಾಣದಲ್ಲಿ ಕೊಡಬೇಕು. ಮನುಷ್ಯರ ಔಷಧವನ್ನೇ ಪರೀಕ್ಷಿಸಬೇಕಿದ್ದರೆ ಮನುಷ್ಯರ ಪಿಡಿ-1 ಜೀನ್ ಸೇರಿಸಿದ ಇಲಿ ತರಿಸಬೇಕು.

4ಟಿ1 ಮಾದರಿಯಲ್ಲಿ ಇನ್ನೊಂದು ತೊಡಕಿದೆ. ಈ ಪ್ರತಿಕಾಯ ಬೇರೆ ಪ್ರಾಣಿಯದಾದ್ದರಿಂದ ಪದೇ ಪದೇ ಕೊಟ್ಟಾಗ ತೀವ್ರ ಅಲರ್ಜಿಯಾಗಿ, ಡೋಸ್ ಕೊಟ್ಟ ಸ್ವಲ್ಪ ಹೊತ್ತಿಗೇ ಇಲಿಗಳು ಸಾಯುವುದು ವರದಿಯಾಗಿದೆ. ಡೋಸ್ ಕೊಟ್ಟು ತಕ್ಷಣ ಹೊರಟುಹೋಗಬೇಡಿ, ಒಂದು ಗಂಟೆ ಪಂಜರದ ಬಳಿ ಇರಿ.

ಭಾರತದಲ್ಲಿ ಯಾರ ಅನುಮತಿ ಬೇಕು?

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಕೇಂದ್ರ ಸಮಿತಿಯಲ್ಲಿ ನಿಮ್ಮ ಸಂಸ್ಥೆ ನೋಂದಣಿಯಾಗಿರಬೇಕು. ಹಿಂದೆ ಸಿಪಿಸಿಎಸ್‌ಇಎ ಎನ್ನುತ್ತಿದ್ದ ಈ ಸಮಿತಿ ಈಗ ಸಿಸಿಎಸ್‌ಇಎ. ಇಲಿ ಪ್ರಯೋಗದ ಅರ್ಜಿಯನ್ನು ಫಾರಂ ಬಿಯಲ್ಲಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಕೊಡಬೇಕು. ಎಷ್ಟು ಇಲಿ, ಏಕೆ ಅಷ್ಟು, ಯಾವ ಹಂತದಲ್ಲಿ ಇಲಿಯನ್ನು ಪ್ರಯೋಗದಿಂದ ತೆಗೆಯುತ್ತೀರಿ ಎಂಬುದಕ್ಕೆ ಲೆಕ್ಕ ಸಮೇತ ಉತ್ತರ ಇರಲಿ. ಅರ್ಜಿಗಳು ವಾಪಸ್ ಬರುವುದು ಹೆಚ್ಚಾಗಿ ಇಲ್ಲೇ.

ಒಂದು ಗುಂಪಿಗೆ ಎಷ್ಟು ಇಲಿ?

ಅಂದಾಜಿಗೆ ಒಂದು ಸರಳ ಸೂತ್ರ: 16 ಅನ್ನು, ನೀವು ಹಿಡಿಯಬೇಕೆಂದಿರುವ ವ್ಯತ್ಯಾಸ ಮತ್ತು ಪ್ರಮಾಣಿತ ವಿಚಲನೆಯ ಅನುಪಾತದ ವರ್ಗದಿಂದ ಭಾಗಿಸಿ. ಗಡ್ಡೆ ಗಾತ್ರದ ವಿಚಲನೆ ಸರಾಸರಿಯ ಶೇ. 30, ನೀವು ಹಿಡಿಯಬೇಕಾದ ಇಳಿಕೆ ಶೇ. 40 ಎಂದುಕೊಳ್ಳಿ. ಅನುಪಾತ 1.33, ವರ್ಗ 1.78, ಉತ್ತರ 9. ಅಂದರೆ ಗುಂಪಿಗೆ 9 ಇಲಿ. ಇದು ಶೇ. 80 ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ), ಶೇ. 5 ಮಹತ್ವದ ಮಟ್ಟಕ್ಕೆ. ವಿಚಲನೆ ಶೇ. 50 ಆದರೆ 25 ಬೇಕಾಗುತ್ತದೆ. ಗುಂಪಿಗೆ 5 ಇಲಿ ಹಾಕಿ "ಟ್ರೆಂಡ್ ಕಾಣುತ್ತಿದೆ" ಎಂದು ಬರೆಯುವುದು ಇಲಿಗಳ ಜೀವಕ್ಕೆ ಮಾಡುವ ಅನ್ಯಾಯ. ಉತ್ತರ ಸಿಗದ ಪ್ರಯೋಗದಲ್ಲಿ ಸತ್ತ 5 ಇಲಿಗಳೂ ವ್ಯರ್ಥವೇ.

ಕೋಶಗಳನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು?

ಪ್ರಯೋಗ ಗೆಲ್ಲುವುದೋ ಸೋಲುವುದೋ ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

ನಾಲ್ಕು ಗುಂಪು, ಗುಂಪಿಗೆ 10 ಇಲಿ ಬೇಕಿದ್ದರೆ 52 ಇಲಿಗಳಿಗೆ ಚುಚ್ಚಿ. ಹೆಚ್ಚುವರಿ 12 ಏಕೆಂಬುದು ಮುಂದೆ ಗೊತ್ತಾಗುತ್ತದೆ. ಪ್ರತಿ ಇಲಿಗೆ 100 ಮೈಕ್ರೋಲೀಟರ್‌ನಲ್ಲಿ 5 ಲಕ್ಷ ಕೋಶ, ಅಂದರೆ ಒಂದು ಮಿ.ಲೀ.ಗೆ 50 ಲಕ್ಷ. 52 ಇಲಿಗೆ 5.2 ಮಿ.ಲೀ. ಸಾಕು ಅನಿಸಿದರೂ ಸಿರಿಂಜ್‌ನಲ್ಲಿ ಉಳಿಯುವುದು, ಎಣಿಕೆಗೆ ಹೋಗುವುದು ಸೇರಿಸಿ 8 ಮಿ.ಲೀ. ಮಾಡಿಕೊಳ್ಳಿ. ಒಟ್ಟು 4 ಕೋಟಿ ಕೋಶ. ದೊಡ್ಡ ಟಿ-175 ಫ್ಲಾಸ್ಕ್ ಮೂರು ಬೆಳೆಸಿಕೊಂಡರೆ ನಿಶ್ಚಿಂತೆ.

ಫ್ಲಾಸ್ಕ್ ಶೇ. 70ರಿಂದ 80 ತುಂಬಿದಾಗಲೇ ಕೋಶ ಎತ್ತಬೇಕು. ಪೂರ್ತಿ ತುಂಬಿ ಒಂದು ರಾತ್ರಿ ಕಳೆದ ಕೋಶಗಳು ಇಲಿಯಲ್ಲಿ ಹಿಂದುಮುಂದಾಗಿ ಬೆಳೆಯುತ್ತವೆ. ಫ್ಲಾಸ್ಕ್‌ನಿಂದ ಕೋಶ ಬಿಡಿಸುವ ಟ್ರಿಪ್ಸಿನ್ ಎರಡು ಮೂರು ನಿಮಿಷ ಮೀರದಿರಲಿ. ಆಮೇಲೆ ಸೀರಂ ಇಲ್ಲದ ಪಿಬಿಎಸ್ ಉಪ್ಪು ದ್ರಾವಣದಲ್ಲಿ ಎರಡು ಬಾರಿ ತೊಳೆಯಿರಿ. ಹಸುವಿನ ಸೀರಂ ಉಳಿದುಬಿಟ್ಟರೆ ಇಲಿಯ ನಿರೋಧಕ ವ್ಯವಸ್ಥೆ ಅದಕ್ಕೇ ಪ್ರತಿಕ್ರಿಯಿಸುತ್ತದೆ. ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದಾಗ ಜೀವಂತ ಕೋಶ ಶೇ. 95ಕ್ಕಿಂತ ಹೆಚ್ಚಿರಬೇಕು, 90ಕ್ಕಿಂತ ಕಡಿಮೆ ಇದ್ದರೆ ಆ ದಿನ ಚುಚ್ಚಬೇಡಿ. ಕೋಶಗಳನ್ನು ಐಸ್ ಮೇಲಿಟ್ಟು ಒಂದು ಗಂಟೆಯೊಳಗೆ ಮುಗಿಸಿ, ಕೊನೆಯ ಇಲಿಗೆ ಚುಚ್ಚಿದ ಮೇಲೆ ಉಳಿದ ಕೋಶಗಳನ್ನು ಮತ್ತೊಮ್ಮೆ ಎಣಿಸಿ. ಬಹಳ ಜನ ಬಿಟ್ಟುಬಿಡುವ ಕೆಲಸ ಇದು.

ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಪರೀಕ್ಷೆ ಚುಚ್ಚುವ ಮೊದಲೇ ಆಗಿರಬೇಕು. ಈ ಸೋಂಕು ಕಣ್ಣಿಗೆ ಕಾಣುವುದಿಲ್ಲ, ಕೋಶ ಬೆಳೆಸುವ ದ್ರವವೂ ಕದಡುವುದಿಲ್ಲ, ಆದರೆ ಗಡ್ಡೆಯ ಬೆಳವಣಿಗೆಯನ್ನೂ ನಿರೋಧಕ ಪ್ರತಿಕ್ರಿಯೆಯನ್ನೂ ಬುಡಮೇಲು ಮಾಡುತ್ತದೆ. ಲೂಸಿಫರೇಸ್ ಸೇರಿಸಿದ ಕೋಶ ಬಳಸುವವರಿಗೆ ಇನ್ನೊಂದು ಮಾತು: ಅದು ಮಿಂಚುಹುಳುವಿನ ಪ್ರೋಟೀನ್. ನಿರೋಧಕ ಶಕ್ತಿ ಪೂರ್ತಿ ಇರುವ ಇಲಿಯಲ್ಲಿ ಆ ಪ್ರೋಟೀನಿನಿಂದಲೇ ಗಡ್ಡೆ ತಿರಸ್ಕಾರವಾಗಬಹುದು. ಆ ಗೆಲುವನ್ನು ಔಷಧದ ಲೆಕ್ಕಕ್ಕೆ ಬರೆಯಬೇಡಿ.

ಮನುಷ್ಯರ ಕೋಶಗಳಿಗೆ ಆಸರೆಯಾಗುವ ಮ್ಯಾಟ್ರಿಜೆಲ್ ಎಂಬ ಜೆಲ್ ಸಮಪಾಲು ಸೇರಿಸುವುದಾದರೆ ಅದನ್ನು ಹಿಂದಿನ ರಾತ್ರಿಯೇ 4 ಡಿಗ್ರಿಯಲ್ಲಿ ಕರಗಲು ಇಡಿ. ಟಿಪ್, ಸಿರಿಂಜ್ ಎಲ್ಲ ತಣ್ಣಗಿರಲಿ. ಸ್ವಲ್ಪ ಬೆಚ್ಚಗಾದರೂ ಅದು ಸೂಜಿಯೊಳಗೇ ಗಟ್ಟಿಯಾಗುತ್ತದೆ.

ಒಂದೇ ದಿನ, ಒಂದೇ ಕೋಶ ಚುಚ್ಚಿದರೂ ಗಡ್ಡೆಗಳು ಒಂದೊಂದು ಗಾತ್ರ ಏಕೆ?

ಮುಖ್ಯ ಕಾರಣ ಎರಡು. ಮೊದಲನೆಯದು, ಕೋಶ ತಳಕ್ಕಿಳಿಯುವುದು. ಟ್ಯೂಬನ್ನು ಐದು ನಿಮಿಷ ಅಲುಗಾಡಿಸದೆ ಬಿಟ್ಟರೆ ಮೇಲಿನಿಂದ ಎಳೆದ ಸಿರಿಂಜ್‌ಗೆ ಕೋಶ ಕಡಿಮೆ ಬರುತ್ತದೆ. ಪ್ರತಿ ಬಾರಿ ಎಳೆಯುವ ಮೊದಲು ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಕಲೆಸಿ, ಸೂಜಿ ಹಾಕದೆಯೇ ಎಳೆದುಕೊಂಡು ಆಮೇಲೆ 26 ಅಥವಾ 27 ಗೇಜ್ ಸೂಜಿ ಸಿಕ್ಕಿಸಿ. ಸಣ್ಣ ಸೂಜಿಯ ಮೂಲಕ ಜೋರಾಗಿ ಎಳೆದರೆ ಕೋಶಗಳು ಒಡೆಯುತ್ತವೆ.

ಎರಡನೆಯದು ಆಳ. ಪಕ್ಕೆಯ ಕೂದಲು ಬೋಳಿಸಿ, ಚರ್ಮವನ್ನು ಚಿವುಟಿ ಎತ್ತಿ, ಸೂಜಿಯ ಓರೆ ಬಾಯಿ ಮೇಲಾಗಿ ಹಿಡಿದು, ಚರ್ಮದಡಿ ಅರ್ಧದಿಂದ ಒಂದು ಸೆಂ.ಮೀ. ಸರಿಸಿ ನಿಧಾನವಾಗಿ ಬಿಡಿ. ಮೃದುವಾದ ಗುಳ್ಳೆ ಏಳಬೇಕು, ಬೆರಳಲ್ಲಿ ಮುಟ್ಟಿದರೆ ಅದು ಅಲ್ಲಾಡಬೇಕು. ಗುಳ್ಳೆ ಬಿಳುಚಿಕೊಂಡು ಗಟ್ಟಿಯಾಗಿದ್ದರೆ ನೀವಿರುವುದು ಚರ್ಮದೊಳಗೆ. ಅಂಥ ಗಡ್ಡೆ ಬೇಗ ಹುಣ್ಣಾಗಿ ಇಲಿಯನ್ನು ಮಧ್ಯದಲ್ಲೇ ತೆಗೆಯಬೇಕಾಗುತ್ತದೆ. ಗುಳ್ಳೆಯೇ ಏಳದಿದ್ದರೆ ಕೋಶ ಸ್ನಾಯುವಿಗೋ ಹೊಟ್ಟೆಯೊಳಕ್ಕೋ ಹೋಗಿದೆ. ಬಿಟ್ಟ ಮೇಲೆ ಕೆಲವು ಸೆಕೆಂಡ್ ತಡೆದು ಸೂಜಿಯನ್ನು ಹೊರಳಿಸುತ್ತ ಹೊರತೆಗೆಯಿರಿ, ಇಲ್ಲವಾದರೆ ಕೋಶ ಸೋರುತ್ತದೆ. ಒಬ್ಬರೇ ಎಲ್ಲ ಇಲಿಗಳಿಗೂ ಚುಚ್ಚುವುದು ಒಳ್ಳೆಯದು.

ಔಷಧ ಯಾವಾಗ ಶುರು ಮಾಡಬೇಕು? ಗುಂಪು ಹಂಚುವುದು ಹೇಗೆ?

ಗಡ್ಡೆಗಳ ಸರಾಸರಿ 80ರಿಂದ 120 ಘನ ಮಿ.ಮೀ. ಆದಾಗ. ಸಿಟಿ26ರಲ್ಲಿ ಇದು ಸಾಮಾನ್ಯವಾಗಿ ಏಳರಿಂದ ಹತ್ತನೇ ದಿನ. ಮೂರನೇ ದಿನವೇ ಔಷಧ ಕೊಟ್ಟರೆ ನೀವು ಪರೀಕ್ಷಿಸುತ್ತಿರುವುದು ಗಡ್ಡೆ ಹಿಡಿಯುವುದನ್ನು ತಡೆಯಬಹುದೇ ಎಂದು. ಆಸ್ಪತ್ರೆಗೆ ಬರುವ ರೋಗಿಯ ಸ್ಥಿತಿ ಅದಲ್ಲ. ಹಾಗೆ ಮಾಡಿದ್ದರೆ ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

52ರಲ್ಲಿ ತೀರಾ ಚಿಕ್ಕವು, ತೀರಾ ದೊಡ್ಡವು, ಎರಡು ಗಂಟಾಗಿ ಬೆಳೆದವು, ಸ್ನಾಯುವಿಗೆ ಅಂಟಿಕೊಂಡವು ಬಿಟ್ಟು 40 ಉಳಿಸಿಕೊಳ್ಳಿ. ಹೆಚ್ಚುವರಿ 12 ಇದಕ್ಕೇ. ಯಾವ ಮಿತಿಯಾಚೆ ಬಿಡುತ್ತೀರಿ ಎಂಬುದು ಮೊದಲೇ ಕಾಗದದ ಮೇಲಿರಬೇಕು. ನಂತರ ಗಾತ್ರದ ಪ್ರಕಾರ ಸಾಲಾಗಿ ಬರೆದು, ನಾಲ್ಕು ನಾಲ್ಕರ ಕಟ್ಟು ಮಾಡಿ, ಪ್ರತಿ ಕಟ್ಟಿನೊಳಗೆ ಗುಂಪನ್ನು ಕಂಪ್ಯೂಟರ್‌ನಿಂದ ರ‍್ಯಾಂಡಮ್ ಆಗಿ ಹಂಚಿ. ಕೈಗೆ ಮೊದಲು ಸಿಕ್ಕ ಇಲಿ ಮೊದಲ ಗುಂಪಿಗೆ ಎನ್ನುವುದು ರ‍್ಯಾಂಡಮ್ ಅಲ್ಲ: ಕೈಗೆ ಬೇಗ ಸಿಗುವುದು ಮಂಕಾಗಿರುವ ಇಲಿ.

ಇಲಿಗಳು ಒಂದರ ಹಿಕ್ಕೆಯನ್ನು ಇನ್ನೊಂದು ತಿನ್ನುತ್ತವೆ. ಬಾಯಿಂದ ಕೊಟ್ಟ ಔಷಧ ಹಾಗೆ ಕಂಟ್ರೋಲ್ ಇಲಿಗೂ ಸೇರಬಹುದು. ಹಾಗೆಂದು ಗುಂಪಿಗೊಂದೇ ಪಂಜರ ಮಾಡಿದರೆ ಪಂಜರದ ಪ್ರಭಾವವೂ ಔಷಧದ ಪ್ರಭಾವವೂ ಬೇರ್ಪಡಿಸಲಾಗದಂತೆ ಬೆರೆಯುತ್ತವೆ. ಪ್ರತಿ ಗುಂಪನ್ನೂ ಕನಿಷ್ಠ ಎರಡು ಮೂರು ಪಂಜರಗಳಿಗೆ ಹರಡಿ. ಆದರೆ ಬೇರೆ ಬೇರೆ ಪಂಜರದ ಗಂಡು ಇಲಿಗಳನ್ನು ಹೀಗೆ ಹೊಸದಾಗಿ ಒಟ್ಟಿಗೆ ಹಾಕಬೇಡಿ, ಕಚ್ಚಾಡಿ ಗಾಯ ಮಾಡಿಕೊಳ್ಳುತ್ತವೆ.

ಕ್ಯಾಲಿಪರ್ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಗಾತ್ರ = (ಉದ್ದ × ಅಗಲ × ಅಗಲ) ÷ 2. ಅಗಲ ಎರಡು ಬಾರಿ ಗುಣಿಸಲ್ಪಡುವುದರಿಂದ ಅಲ್ಲಿನ ತಪ್ಪು ಉಬ್ಬುತ್ತದೆ. 12 ಮಿ.ಮೀ. ಉದ್ದ, 9 ಮಿ.ಮೀ. ಅಗಲದ ಗಡ್ಡೆ 486 ಘನ ಮಿ.ಮೀ. ಅಗಲವನ್ನು 10 ಎಂದು ಓದಿದರೆ 600 ಆಯಿತು. ಒಂದೇ ಮಿ.ಮೀ., ಆದರೆ ಶೇ. 23 ವ್ಯತ್ಯಾಸ. ಕ್ಯಾಲಿಪರನ್ನು ಒತ್ತಿ ಹಿಡಿಯುವವರು ಚಿಕ್ಕ ಅಳತೆ, ಸಡಿಲ ಹಿಡಿಯುವವರು ದೊಡ್ಡ ಅಳತೆ ಬರೆಯುತ್ತಾರೆ. ಆದ್ದರಿಂದ ಶುರುವಿನಿಂದ ಕೊನೆವರೆಗೆ ಒಬ್ಬರೇ ಅಳೆಯಬೇಕು, ಯಾವ ಇಲಿಗೆ ಯಾವ ಔಷಧ ಎಂಬುದು ಅವರಿಗೆ ತಿಳಿದಿರಬಾರದು. ಸಿಟಿ26 ಬೇಗ ಬೆಳೆಯುವುದರಿಂದ ವಾರಕ್ಕೆ ಮೂರು ಬಾರಿಯಾದರೂ ಅಳೆಯಬೇಕು.

ತೂಕದಲ್ಲೂ ಮೋಸ ಹೋಗಬಹುದು. 1,000 ಘನ ಮಿ.ಮೀ. ಗಡ್ಡೆ ಸುಮಾರು ಒಂದು ಗ್ರಾಂ. 20 ಗ್ರಾಂ ಇಲಿಯಲ್ಲಿ ಒಂದೂವರೆ ಗ್ರಾಂ ಗಡ್ಡೆ ಬೆಳೆದೂ ತಕ್ಕಡಿ 20 ಗ್ರಾಂ ತೋರಿಸಿದರೆ ಇಲಿ ಸೊರಗಿದೆ ಎಂದೇ ಅರ್ಥ.

ಮನುಷ್ಯರ ಡೋಸ್‌ನಿಂದ ಇಲಿಯ ಡೋಸ್ ಲೆಕ್ಕ ಹಾಕುವುದು ಹೇಗೆ?

ಮನುಷ್ಯರ ಕೆ.ಜಿ. ಲೆಕ್ಕದ ಡೋಸನ್ನು 12.3ರಿಂದ ಗುಣಿಸಿದರೆ ಇಲಿಯ ಕೆ.ಜಿ. ಲೆಕ್ಕ, ಇಲಿಯದನ್ನು 12.3ರಿಂದ ಭಾಗಿಸಿದರೆ ಮನುಷ್ಯರ ಲೆಕ್ಕ ಬರುತ್ತದೆ. ಇಲಿಗೆ ಕೆ.ಜಿ.ಗೆ 50 ಮಿ.ಗ್ರಾಂ ಅಂದರೆ ಮನುಷ್ಯರಿಗೆ ಸುಮಾರು 4 ಮಿ.ಗ್ರಾಂ. ಇದು ಮೈಮೇಲ್ಮೈ ಆಧರಿಸಿದ ಅಂದಾಜು ಮಾತ್ರ. ನಿಜವಾದ ಹೋಲಿಕೆ ರಕ್ತದಲ್ಲಿನ ಔಷಧದ ಮಟ್ಟದಿಂದ ಆಗಬೇಕು. ಮನುಷ್ಯರ ರಕ್ತದಲ್ಲಿ ಎಂದೂ ತಲುಪಲಾಗದ ಮಟ್ಟದಲ್ಲಿ ಇಲಿಯ ಗಡ್ಡೆ ಕರಗಿಸಿದರೆ ರೋಗಿಗೆ ಉಪಯೋಗವಿಲ್ಲ. ಬಾಯಿಂದ ಕೊಡುವಾಗ ಕೆ.ಜಿ.ಗೆ 10 ಮಿ.ಲೀ., ಬಾಲದ ರಕ್ತನಾಳಕ್ಕೆ 5 ಮಿ.ಲೀ. ಮೀರಬೇಡಿ. 20 ಗ್ರಾಂ ಇಲಿಗೆ ಅದು 0.2 ಮತ್ತು 0.1 ಮಿ.ಲೀ.

ಯಾವ ಹಂತದಲ್ಲಿ ಇಲಿಯನ್ನು ಪ್ರಯೋಗದಿಂದ ತೆಗೆಯಬೇಕು?

ನೈತಿಕ ಸಮಿತಿ ಒಪ್ಪಿದ ಮಿತಿ ಮುಟ್ಟಿದ ದಿನವೇ. ಸೋಮವಾರ ನೋಡೋಣ ಎನ್ನುವಂತಿಲ್ಲ. ಸಾಮಾನ್ಯವಾಗಿ ಬಳಸುವ ಮಿತಿಗಳು: ಗಡ್ಡೆ 1,500ರಿಂದ 2,000 ಘನ ಮಿ.ಮೀ., ತೂಕದಲ್ಲಿ ಶೇ. 20 ಇಳಿಕೆ, ಒಸರುವ ಹುಣ್ಣು, ನಡೆಯಲು ಅಥವಾ ತಿನ್ನಲು ಆಗದಿರುವುದು. ಮೈ ಕೂದಲು ನಿಮಿರಿ ಬೆನ್ನು ಬಾಗಿಸಿ ಮೂಲೆಯಲ್ಲಿ ಕೂತ ಇಲಿ ನೋವಿನಲ್ಲಿದೆ. ಅಂಕಿ ಮಿತಿಯೊಳಗೇ ಇದ್ದರೂ ಪಶುವೈದ್ಯರನ್ನು ಕರೆಯಿರಿ. "ಸಾಯುವವರೆಗೆ ಎಷ್ಟು ದಿನ" ಎಂದು ಕಾಯುವ ಪ್ರಯೋಗಕ್ಕೆ ಈಗ ಜಾಗವಿಲ್ಲ, ಬದುಕುಳಿದ ದಿನಗಳ ಗ್ರಾಫನ್ನೂ ಮಿತಿ ಮುಟ್ಟಿದ ದಿನದಿಂದಲೇ ಹಾಕುತ್ತಾರೆ.

ಶೇ. 67 ಬೆಳವಣಿಗೆ ತಡೆ ಬಂದಿದೆ. ಔಷಧ ಚೆನ್ನಾಗಿ ಕೆಲಸ ಮಾಡಿದೆ ಎನ್ನಬಹುದೇ?

ಅಂಕಿ ಬಿಡಿಸಿ ನೋಡೋಣ. ಕಂಟ್ರೋಲ್ ಗುಂಪು 100ರಿಂದ 1,300ಕ್ಕೆ ಹೋಯಿತು, ಔಷಧದ ಗುಂಪು 100ರಿಂದ 500ಕ್ಕೆ. ಏರಿಕೆ 1,200 ಮತ್ತು 400, ತಡೆ ಶೇ. 67. ಕೇಳಲು ಚೆನ್ನಾಗಿದೆ. ಆದರೆ ಔಷಧ ಪಡೆದ ಗಡ್ಡೆಯೂ ಐದು ಪಟ್ಟಾಗಿದೆ. ಗಾತ್ರ ಐದು ಪಟ್ಟು ಅಂದರೆ ವ್ಯಾಸ ಶೇ. 71 ಹೆಚ್ಚಳ. ರೋಗಿಯ ಸ್ಕ್ಯಾನ್‌ನಲ್ಲಿ ವ್ಯಾಸ ಶೇ. 20 ಹೆಚ್ಚಿದರೆ ವೈದ್ಯರು ರೋಗ ಮುಂದುವರಿದಿದೆ ಎಂದು ಔಷಧ ಬದಲಿಸುತ್ತಾರೆ. ಇಲಿಯಲ್ಲಿ ಯಶಸ್ಸು, ಮನುಷ್ಯರಲ್ಲಿ ವೈಫಲ್ಯ ಎಂದು ನಾವು ಬರೆಯುವ ಎಷ್ಟೋ ಕತೆಗಳಲ್ಲಿ ಎರಡೂ ಕಡೆ ಫಲಿತಾಂಶ ಒಂದೇ ಇರುತ್ತದೆ, ಬೇರೆಯಾಗಿರುವುದು ಅಳತೆಗೋಲು. ಗಡ್ಡೆ ಕುಗ್ಗಿತೇ, ಎಷ್ಟು ಇಲಿಗಳಲ್ಲಿ ಕುಗ್ಗಿತು, ಔಷಧ ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಮರಳಿತು ಎಂಬುದನ್ನು ಹೇಳಿ.

ಸರಾಸರಿ ಗ್ರಾಫಿನ ಜೊತೆ ಒಂದೊಂದು ಇಲಿಯ ಗೆರೆಯನ್ನೂ ಹಾಕಿ. ದೊಡ್ಡ ಗಡ್ಡೆಯ ಇಲಿಗಳನ್ನು ತೆಗೆದ ಮರುದಿನ ಗುಂಪಿನ ಸರಾಸರಿ ತಾನಾಗಿ ಇಳಿಯುತ್ತದೆ, ಅದನ್ನು ಔಷಧದ ಗುಣ ಎಂದು ಓದಿದವರಿದ್ದಾರೆ.

ಅದೇ ಪ್ರಯೋಗ ಮತ್ತೆ ಮಾಡಿದಾಗ ಬೇರೆ ಫಲಿತಾಂಶ ಬಂತು. ಎಲ್ಲಿ ಹುಡುಕಬೇಕು?

ಕೋಶದ ಪ್ಯಾಸೇಜ್ ಸಂಖ್ಯೆ (ಎಷ್ಟು ಬಾರಿ ಹೊಸ ಫ್ಲಾಸ್ಕ್‌ಗೆ ಬದಲಿಸಿ ಬೆಳೆಸಿದ್ದು), ಮೈಕೋಪ್ಲಾಸ್ಮಾ, ಔಷಧದ ಬ್ಯಾಚ್ ನೋಡಿದ ಮೇಲೆ ಇಲಿ ಎಲ್ಲಿಂದ ಬಂತು ಎಂದು ನೋಡಿ. ಜಾಕ್ಸನ್ ಪ್ರಯೋಗಾಲಯದಿಂದ ತಂದ ಬ್ಲ್ಯಾಕ್ ಸಿಕ್ಸ್ ಇಲಿಗಳಲ್ಲಿ ಬಿ16 ಗಡ್ಡೆ ನಿಧಾನವಾಗಿಯೂ ಟ್ಯಾಕೊನಿಕ್ ಕಂಪನಿಯಿಂದ ತಂದವುಗಳಲ್ಲಿ ಬೇಗವಾಗಿಯೂ ಬೆಳೆಯುವುದನ್ನು ಷಿಕಾಗೋ ವಿಶ್ವವಿದ್ಯಾಲಯದ ತಂಡ 2015ರಲ್ಲಿ ತೋರಿಸಿತು. ಎರಡನ್ನೂ ಒಂದೇ ಪಂಜರದಲ್ಲಿ ಸಾಕಿದಾಗ ವ್ಯತ್ಯಾಸ ಹೋಯಿತು. ಕಾರಣ ಕರುಳಿನ ಬ್ಯಾಕ್ಟೀರಿಯಾ. ಇನ್ನೊಂದು ಕಾರಣ, ಕೋಣೆಯ ತಾಪ. ನಮಗೆ ಹಿತವಾದ 22 ಡಿಗ್ರಿ ಇಲಿಗೆ ಚಳಿ, ಅದಕ್ಕೆ ಹಿತ ಸುಮಾರು 30. ಬೆಚ್ಚಗೆ ಸಾಕಿದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯುವುದು 2013ರಲ್ಲಿ ವರದಿಯಾಗಿದೆ. ಕನಿಷ್ಠ ಗೂಡು ಕಟ್ಟಲು ಸಾಕಷ್ಟು ಕಾಗದವನ್ನಾದರೂ ಕೊಡಿ.

ಇಲಿಯಲ್ಲಿ ಗೆದ್ದದ್ದು ರೋಗಿಗಳಲ್ಲಿ ನಿಜವಾಗಿಯೂ ಗೆದ್ದಿದೆಯೇ?

ಗೆದ್ದಿದೆ. ಜೇಮ್ಸ್ ಆಲಿಸನ್ ತಂಡ 1996ರಲ್ಲಿ, ಟಿ ಕೋಶಗಳಿಗೆ ಕಡಿವಾಣ ಹಾಕುವ ಸಿಟಿಎಲ್‌ಎ-4 ಪ್ರೋಟೀನನ್ನು ತಡೆದರೆ ಇಲಿಗಳ ಗಡ್ಡೆ ಕರಗುವುದನ್ನು ತೋರಿಸಿತು. ಆ ದಾರಿಯಲ್ಲಿ ಬಂದ ಇಪಿಲಿಮುಮ್ಯಾಬ್‌ಗೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, 2018ರಲ್ಲಿ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ ನೊಬೆಲ್ ಬಂತು.

ಸೋತಿದ್ದೂ ಇದೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಕೆಪಿಸಿ ಎಂಬ ಜೀನ್ ಮಾರ್ಪಡಿಸಿದ ಇಲಿ ಬಹಳ ಗೌರವದ ಮಾದರಿ. ಗಡ್ಡೆ ಹೊರಗಿನಿಂದ ಚುಚ್ಚಿದ್ದಲ್ಲ, ಅಂಗದಲ್ಲೇ ಹುಟ್ಟುತ್ತದೆ, ಸುತ್ತ ದಟ್ಟ ನಾರೂ ಬೆಳೆಯುತ್ತದೆ. ಆ ನಾರನ್ನು ಐಪಿಐ-926 ಔಷಧದಿಂದ ಕಡಿಮೆ ಮಾಡಿದರೆ ಜೆಮ್‌ಸೈಟಬಿನ್ ಎಂಬ ಕೀಮೋ ಔಷಧ ಒಳಗೆ ತಲುಪಿ ಇಲಿಗಳು ಹೆಚ್ಚು ದಿನ ಬದುಕುವುದು 2009ರಲ್ಲಿ ಕಂಡುಬಂತು. ರೋಗಿಗಳಲ್ಲಿ ಆ ಜೋಡಿ ಸೋತು 2012ರಲ್ಲಿ ಟ್ರಯಲ್ ನಿಂತಿತು. ಆ ನಾರು ಕೆಲವು ಮಟ್ಟಿಗೆ ಕ್ಯಾನ್ಸರನ್ನು ಹಿಡಿದಿಡುತ್ತದೆ ಎಂಬುದು ಆಮೇಲೆ ಇಲಿಗಳಲ್ಲೇ ತಿಳಿಯಿತು. ಪತ್ರಿಕೆಯಲ್ಲಿ "ಇಲಿಗಳಲ್ಲಿ ಕ್ಯಾನ್ಸರ್ ಮಾಯ" ಎಂದು ಓದಿ ನಿಮ್ಮ ಮನೆಯವರ ಚಿಕಿತ್ಸೆ ನಿಲ್ಲಿಸುವ ಯೋಚನೆ ಬಂದಿದ್ದರೆ ದಯವಿಟ್ಟು ಬೇಡ, ಮೊದಲು ನಿಮ್ಮ ವೈದ್ಯರ ಜೊತೆ ಮಾತಾಡಿ.

ಕೆಲವು ಇಲಿಗಳಲ್ಲಿ ಗಡ್ಡೆ ಪೂರ್ತಿ ಹೋಯಿತು. ಮುಂದೇನು?

ಎರಡು ತಿಂಗಳು ಔಷಧವಿಲ್ಲದೆ ಕಾಯಿರಿ. ನಂತರ ಇನ್ನೊಂದು ಪಕ್ಕೆಗೆ ಅದೇ ಸಿಟಿ26 ಕೋಶ ಚುಚ್ಚಿ, ಜೊತೆಗೆ ಅದೇ ವಯಸ್ಸಿನ, ಏನೂ ಮಾಡದ ಇಲಿಗಳಿಗೂ ಚುಚ್ಚಿ. ಹೊಸ ಇಲಿಗಳಲ್ಲಿ ಬೆಳೆದು ಗುಣವಾದವುಗಳಲ್ಲಿ ಬೆಳೆಯದಿದ್ದರೆ ನಿರೋಧಕ ನೆನಪು ಉಳಿದಿದೆ ಎನ್ನಬಹುದು. ಆ ಹೊಸ ಇಲಿಗಳನ್ನು ಬಿಟ್ಟುಬಿಟ್ಟರೆ ಕೋಶಗಳೇ ಸತ್ತಿದ್ದವೋ ಏನೋ ಎಂಬ ಅನುಮಾನ ಹೋಗುವುದಿಲ್ಲ.

ಪ್ರಯೋಗ ಮುಗಿದ ದಿನ ಏನೇನು ಎತ್ತಿಡಬೇಕು?

ಇಲಿಯ ಜೀವ ತೆಗೆಯಲು ಇಂಗಾಲದ ಡೈಆಕ್ಸೈಡನ್ನು ನಿಮಿಷಕ್ಕೆ ಪೆಟ್ಟಿಗೆಯ ಗಾತ್ರದ ಶೇ. 30ರಿಂದ 70ರ ವೇಗದಲ್ಲಿ ಬಿಡಬೇಕು, ಮೊದಲೇ ತುಂಬಿದ ಪೆಟ್ಟಿಗೆಗೆ ಇಲಿಯನ್ನು ಹಾಕಬಾರದು. ಗಡ್ಡೆಯನ್ನು ತೂಗಿ ಮೂರು ಭಾಗ ಮಾಡಿ. ಒಂದು ಭಾಗ ಅದರ ಹತ್ತು ಪಟ್ಟಾದರೂ ಇರುವ ಶೇ. 10 ಬಫರ್ಡ್ ಫಾರ್ಮಲಿನ್‌ಗೆ, ಒಂದು ದಿನ, ಆಮೇಲೆ ಶೇ. 70 ಆಲ್ಕೋಹಾಲ್‌ಗೆ. ಫಾರ್ಮಲಿನ್‌ನಲ್ಲೇ ವಾರಗಟ್ಟಲೆ ಮರೆತರೆ ಪ್ರತಿಕಾಯದ ಬಣ್ಣ ಹತ್ತುವುದಿಲ್ಲ. ಇನ್ನೊಂದು ಭಾಗ ದ್ರವ ಸಾರಜನಕದಲ್ಲಿ ತಕ್ಷಣ ಹೆಪ್ಪುಗಟ್ಟಿಸಲು. ಮೂರನೆಯದು ಕೋಶಗಳನ್ನು ಬಗೆವಾರು ಎಣಿಸುವ ಫ್ಲೋ ಸೈಟೋಮೆಟ್ರಿಗೆ, ಅದೇ ದಿನ. ಜೊತೆಗೆ ಗುಲ್ಮ, ಶ್ವಾಸಕೋಶ, ಯಕೃತ್ತು, ಕೊನೆಯ ಡೋಸ್‌ನ ಗಂಟೆ ಬರೆದ ರಕ್ತದ ಮಾದರಿ. ಆ ಗಂಟೆ ಬರೆದಿಡದಿದ್ದರೆ ಗಡ್ಡೆಯಲ್ಲಿ ಸಿಕ್ಕ ಔಷಧದ ಪ್ರಮಾಣವನ್ನು ಯಾವುದಕ್ಕೂ ಹೋಲಿಸಲಾಗುವುದಿಲ್ಲ.